ಸುರಗಿ ಇಟ್ಟ ಪುಟ

ಮೊನ್ನೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಬುಟ್ಟಿಯ ಬಾಳೆಲೆ ಸರಿಸಿದ್ದೇ ತಡ, ಸುರಗಿಯ ವಾಸನೆ ನನ್ನನ್ನು ಹಳದೀಪುರದ ಮಾವನ ಮನೆಯ ಜಗಲಿಗೆ ಎಳೆದುಕೊಂಡು ಹೋಯಿತು. ನಿಮಗೂ ಅಂಥದ್ದೊಂದು ಜಗಲಿ ಇದ್ದೀತು. ನಮ್ಮದು ಈಗಿಲ್ಲ, ಹೆದ್ದಾರಿ ಅಗಲ ಮಾಡುವಾಗ ಮನೆಯೂ ಹೋಯಿತು, ಅಂಗಳದ ಸುರಗಿ ಮರವೂ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತನ್ನ ಅಣ್ಣನ ಆ ಮನೆಗೆ ಬಂದು ಸೇರಿದ್ದಳು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯಿಸಿ ದಂಡೆ ಕಟ್ಟುತ್ತಿದ್ದಳು. ಒಣಗಿದರೂ ಸುರಗಿಯ ಪರಿಮಳ ಹೋಗುವುದಿಲ್ಲ. ಉಳಿದ ಹೂವು ಸೀರೆಯ ಪೆಟ್ಟಿಗೆಗೆ, ಒಂದು ಮುಷ್ಟಿ ಮಾವನ ಪುಸ್ತಕದ ಕಪಾಟಿಗೆ.

ಮಾವ ಹೆಸರಾಂತ ವಿಮರ್ಶಕರು. ಇಂಥ ಪುಸ್ತಕ ಓದಿ ಎಂದು ಪತ್ರಿಕೆಯಲ್ಲಿ ಬರೆದರೆ ಕುಮಟೆ, ಭಟ್ಕಳದಿಂದೆಲ್ಲ ಜನ ಅದನ್ನು ಕೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಬಾಯಿಬಿಟ್ಟು ಹೇಳಿದವರಲ್ಲ. ನಾನು ಓದಲೇಬೇಕಾದ ಪುಟಕ್ಕೆ ಒಂದು ಒಣ ಸುರಗಿ ಇಟ್ಟು, ಪುಸ್ತಕವನ್ನು ಜಗಲಿಯ ತುದಿಯಲ್ಲಿ ಬಿಡುತ್ತಿದ್ದರು. ಶಾಲೆಯಿಂದ ಬಂದವಳು ಕೈಕಾಲು ತೊಳೆಯದೆ ಮೂಗಿನಿಂದಲೇ ಪುಟ ಹುಡುಕುತ್ತಿದ್ದೆ. “ಸಿಕ್ತನೇ?” ಎಂದು ನಗುತ್ತಿದ್ದರು. ಲೋಕದಲ್ಲಿ ನನ್ನ ಮೇಲೆ ಅಷ್ಟು ಭರವಸೆ ಇಟ್ಟವರು ಬೇರೆ ಯಾರೂ ಇಲ್ಲ ಎಂದುಕೊಂಡಿದ್ದೆ, ಪೆದ್ದಿ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಒಂದು ಕಾದಂಬರಿ ಸಿಕ್ಕಿತು. ಹೂವಿದ್ದ ಪುಟದಲ್ಲಿ ಹುಡುಗಿಯೊಬ್ಬಳು, ತನ್ನನ್ನು ನೋಡಲು ಬಂದವರ ಎದುರೇ, ಮದುವೆ ಬೇಡ, ಓದಬೇಕು ಎನ್ನುತ್ತಾಳೆ. ಆ ಪುಟ ನನಗೆ ಬಾಯಿಪಾಠವಾಯಿತು. ಮಳೆ ಹಿಡಿಯುವ ಮೊದಲೇ ಮಾವ ಭಟ್ಕಳದ ಕಡೆಯ ಗಂಡನ್ನು ಗೊತ್ತುಮಾಡಿದರು. ನನಗೋ ಕುಮಟೆಯ ಕಾಲೇಜಿಗೆ ಹೋಗಬೇಕಿತ್ತು. ಹೆದರಲಿಲ್ಲ, ಪುಸ್ತಕ ಹಿಡಿದು ಜಗಲಿಗೆ ಹೋದೆ. ಮಾವನ ಸಾಹಿತಿ ಗೆಳೆಯರು ಚಾ ಕುಡಿಯುತ್ತ ಕೂತಿದ್ದರು.

“ಮಾವ, ನೀವೇ ಹೂ ಇಟ್ಟ ಪುಟ ಇದು,” ಎಂದೆ.

ಮಾವ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. “ಅದು ಪುಸ್ತಕ ಮಾರಾಯ್ತಿ. ಅದ್ಕೂ ನಿನ್ನ ಮದ್ವೆಗೂ ಎಂತ ಸಂಬಂಧ?”

ಗೆಳೆಯರು ನಕ್ಕರು. ಅಡುಗೆಮನೆಯಲ್ಲಿ ಅಮ್ಮ, “ಹೇಳೂದು ಶಾಸ್ತ್ರ, ತಿನ್ನೂದು ಬದನೆಕಾಯಿ,” ಎಂದಳು, ಒಲೆಗಷ್ಟೇ ಕೇಳುವ ಹಾಗೆ. ಅಣ್ಣನ ಮನೆಯ ಅನ್ನ ತಿನ್ನುವವಳು ಅದಕ್ಕಿಂತ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಕಾಲೇಜು ತಪ್ಪಿತು, ಆ ಮದುವೆಯೇ ಆಯಿತು. ಅದರ ಬಗ್ಗೆ ನನಗೀಗ ಸಿಟ್ಟಿಲ್ಲ, ಗಂಡ ಒಳ್ಳೆಯವರೇ. ಆದರೆ ಮಾವ ಆ ಹೂವನ್ನು ಯಾಕೆ ಇಡಬೇಕಿತ್ತು? ತಾವೇ ಕೈಹಿಡಿದು ಕರೆದುಕೊಂಡು ಹೋಗಿ ನಡುನೀರಿನಲ್ಲಿ ಕೈಬಿಟ್ಟರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮೊನ್ನೆ ದಂಡೆ ಕೊಂಡು ಮನೆಗೆ ಬಂದರೆ, ಮಗಳು ಮೊಬೈಲಿನಲ್ಲಿ ಮಾವನದೇ ಬರಹ ಓದುತ್ತಿದ್ದಳು. ಅವಳ ಆ ಅಜ್ಜನ ಮೆಚ್ಚಿನ ಪುಸ್ತಕಗಳ ಪಟ್ಟಿಯಂತೆ. ಮೊದಲನೆಯದೇ ಆ ಕಾದಂಬರಿ. ಅದನ್ನು ಓದಿದ ತಮ್ಮ ಮನೆಯ ಹುಡುಗಿಯೊಬ್ಬಳು ತನ್ನ ದಾರಿ ತಾನೇ ಹಿಡಿದಳಂತೆ. ಪುಸ್ತಕದ ಶಕ್ತಿಯನ್ನು ಅಂದು ತಮ್ಮ ಜಗಲಿಯಲ್ಲೇ ಕಣ್ಣಾರೆ ಕಂಡರಂತೆ.

“ಯಾರಮ್ಮ ಆ ಹುಡುಗಿ?” ಎಂದಳು.

ನಾನು ಅವಳ ಜಡೆಗೆ ಸುರಗಿ ಮುಡಿಸುತ್ತಿದ್ದೆ.

“ಗೊತ್ತಿಲ್ಲ ಮಗಾ,” ಎಂದೆ. “ಆ ಮನೇಲಿ ಹುಡುಗಿ ಅಂತ ಇದ್ದದ್ದು ನಾನೊಬ್ಳೇ.”