ಪಕ್ಷಿ ತೋರಿಸುತ್ತಿದ್ದ ಪಾಯಪ್ಪ ಕಾಕಾ

ಹುಕ್ಕೇರಿಯ ಗೋರಿಗಳ ಗುಮ್ಮಟಗಳು ಎಷ್ಟು ದೊಡ್ಡವು ಎಂದು ಯಾರಾದರೂ ಕೇಳಿದರೆ ಪಾಯಪ್ಪ ಕಾಕಾ ಅಡಿ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಕತ್ತೆತ್ತಿ ನೋಡಿ, ಎದೆಯಿಂದ ಬಲಗೈಯನ್ನು ಆಚೆಗೆ ಚಾಚಿ ಚಾಚಿ ಕಾಣದ ಬಟ್ಟೆಯೊಂದನ್ನು ಅಳೆದು, “ಇದಕ್ಕ ರುಮಾಲ ಸುತ್ತಬೇಕಂದ್ರ ನನ್ನ ಅಂಗಡ್ಯಾಗಿನ ಥಾನ ಎಲ್ಲಾ ಹೊಂಟ್ವು. ಬೆನ್ನಿಗೆ ಚುಂಗ ಇಳಿಬಿಡಾಕ ಏನೂ ಉಳಿಯಾಂಗಿಲ್ಲ” ಎನ್ನುತ್ತಿದ್ದರು. ಇಂಥ ಗುಮ್ಮಟ ಕಟ್ಟಿಸಿದವರು ಯಾರು ಎಂದು ಕೇಳಿದರೆ ಉತ್ತರ ಇನ್ನೂ ಚಿಕ್ಕದು. “ದೊಡ್ಡ ಮಂದಿ. ಸಣ್ಣ ಮಂದಿ ಕಟ್ಟಿಸಿದ್ರ ಒಳಗ ಸಂಸಾರ ಹೂಡತಾರ.”

ಗೋಕಾಕದ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಸಂಕ್ರಾಂತಿ ಮುಗಿದ ಮೇಲಿನ ರವಿವಾರ ಒಂದು ಬಸ್ಸು ಗೊತ್ತು ಮಾಡಿ, ಗಿರಾಕಿಗಳು, ಕೋರ್ಟಿನವರು, ಸಾಲೆಯವರು ಎಂದು ಸಿಕ್ಕವರನ್ನೆಲ್ಲ ತುಂಬಿಕೊಂಡು ಹೊರಡುತ್ತಿದ್ದರು. ಬೆಳಿಗ್ಗೆ ಗೋಕಾಕ ಫಾಲ್ಸಿನ ಹಳೆಯ ಗುಡಿಗಳು, ಮಧ್ಯಾಹ್ನ ಹುಕ್ಕೇರಿಯ ಗುಮ್ಮಟಗಳು, ಸಂಜೆ ಧೂಪದಾಳದ ಹಿನ್ನೀರಿನಲ್ಲಿ ಪಕ್ಷಿಗಳು. ಇದನ್ನು ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಮೂಡಲಗಿಯವಳು, ಗೋಕಾಕದ ಹೆಣ್ಣುಮಕ್ಕಳ ಸಾಲೆಗೆ ಆಗಷ್ಟೇ ಅಕ್ಕೋರಾಗಿ ಬಂದಿದ್ದೆ. ಕುಪ್ಪಸದ ಬಟ್ಟೆ ತರಲು ಅಂಗಡಿಗೆ ಹೋದವಳಿಗೆ ಬಟ್ಟೆಯ ಜೊತೆಗೆ ಬಸ್ಸಿನಲ್ಲಿ ಒಂದು ಜಾಗವೂ ಸಿಕ್ಕಿತು.

ಫಾಲ್ಸಿನ ಗುಡಿಯಲ್ಲಿ ಕಲ್ಲಿನ ಹೆಣ್ಣೊಬ್ಬಳ ಮುಂದೆ ಕಾಕಾ ನಮ್ಮನ್ನೆಲ್ಲ ನಿಲ್ಲಿಸಿದರು. “ಈಕಿ ಸೀರಿ ದಡಿ ನೋಡ್ರಿ ಅಕ್ಕೋರ. ಇಂಥಾ ದಡಿ ಈಗ ಯಾರೂ ನೇಯಾಂಗಿಲ್ಲ. ಎಲ್ಲಿ ತಗೊಂಡೆವ್ವಾ ಅಂತ ಕೇಳಿದ್ರ ಈಕಿ ಹೇಳಾಂಗಿಲ್ಲ.” ಹುಕ್ಕೇರಿಯ ದಾರಿಯಲ್ಲಿ ಬಸ್ಸು ನಿಲ್ಲಿಸಿ, ದೂರದ ಹೊಲದ ಬದುವಿನ ಮೇಲೆ ನಿಂತಿದ್ದ ಪ್ರಾಣಿಯನ್ನು ತೋರಿಸಿ ತೋಳ ಎಂದರು. ಅದು ಬಾಲ ಅಲ್ಲಾಡಿಸಿಕೊಂಡು ನಮ್ಮ ಕಡೆ ಬಂತು. ಕಾಕಾ ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, “ಸಾಕಿದ್ದಿರಬೇಕು” ಎಂದು ಬಸ್ಸು ಹೊರಡಿಸಿದರು.

ಆದರೆ ಅವರ ಜೀವವೆಲ್ಲ ಇದ್ದದ್ದು ಧೂಪದಾಳದಲ್ಲಿ. ಚಳಿಗಾಲದಲ್ಲಿ ಎಲ್ಲೋ ದೂರದೇಶದಿಂದ ಬೂದು ಬಣ್ಣದ, ಕಪ್ಪು ಕುತ್ತಿಗೆಯ, ಉದ್ದ ಕಾಲಿನ ದೊಡ್ಡ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಹಗಲೆಲ್ಲ ಹೊಲಗಳಲ್ಲಿ ಮೇದು, ಹೊತ್ತು ಮುಳುಗುವಾಗ ಗುಂಪುಗುಂಪಾಗಿ ನೀರಿಗೆ ಇಳಿಯುತ್ತವೆ. ಕಾಕಾ ಅವನ್ನು ಪಾವಣ್ಯಾರು ಎನ್ನುತ್ತಿದ್ದರು, ಮನೆಗೆ ಬಂದ ಬೀಗರ ಬಗ್ಗೆ ಮಾತಾಡುವ ಹಾಗೆ. ನಮ್ಮನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿ ಹೇಳಿದರು: “ಮೊದಲ ಸಪ್ಪಳ ಬರತೈತಿ. ಆಮ್ಯಾಲ ಕುಲಗೋಡ ಕಡಿಂದ ಪಾವಣ್ಯಾರ ಬರತಾರ, ದಾರ ಹರವಿದಂಗ. ಎಲ್ಲಾರೂ ಆ ಕಡೆ ಮಾರಿ ಮಾಡಿ ನಿಲ್ರಿ. ಮಾತಾಡಬ್ಯಾಡ್ರಿ.” ಇಷ್ಟು ಹೇಳಿ ತಾವು ಏರಿಯ ಕೆಳಗಿನ ಬೇವಿನ ಮರದ ಬುಡಕ್ಕೆ ಹೋದರು.

ನಾವು ಮೂಡಣಕ್ಕೆ, ಕುಲಗೋಡದ ಕಡೆ ಮುಖ ಮಾಡಿ ನಿಂತೆವು. ಸಪ್ಪಳ ಬಂತು. ಪಕ್ಷಿಗಳು ಬಂದದ್ದು ಹಿಂದಿನಿಂದ, ಹುಕ್ಕೇರಿಯ ಕಡೆಯಿಂದ. ಬಸ್ಸಿನ ಹಳಬರೆಲ್ಲ ಏನೂ ಆಗದವರಂತೆ ಸಾಲಿನಲ್ಲಿಯೇ ಹಿಂದಕ್ಕೆ ತಿರುಗಿ ನೋಡಿದರು. ಕಾಕಾಗೆ ಹೇಳಿಬರುತ್ತೇನೆಂದು ನಾನು ಹೊರಟರೆ ಕೋರ್ಟಿನ ಕಾರಕೂನ ಗುರಪ್ಪನವರು ತಡೆದರು.

“ಹೇಳಬ್ಯಾಡ್ರಿ ಅಕ್ಕೋರ. ಅವರು ಒಂದ ಸಲನೂ ನೋಡಿಲ್ಲ. ಬರೇ ಕೇಳ್ಯಾರ.”

ಸಂಗತಿ ಇಷ್ಟೆ. ಕಾಕಾ ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನ ಹಾಕುವವರಲ್ಲ. ಕರೆದುಕೊಂಡು ಬಂದ ಮಂದಿಯ ಊಟ ಮುಗಿಯದೆ ತಾವು ಉಣ್ಣುವವರೂ ಅಲ್ಲ. ಹೆಂಡತಿ ಪದ್ಮವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹೋಳಿಗೆಗಳನ್ನು ಇಡೀ ಬಸ್ಸಿಗೆ ತಾವೇ ಬಡಿಸುತ್ತಿದ್ದರು. ನಮ್ಮವರ ಊಟವೋ, ದೇವರೇ ಬಲ್ಲ. ಗುರಪ್ಪನವರು ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಅವರ ಕೋರ್ಟಿನಲ್ಲಿ ಖಟ್ಲೆಯೇ ಮುಗಿಯುತ್ತಿತ್ತು. ಎಲ್ಲರೂ ಕೈತೊಳೆಯುವ ಹೊತ್ತಿಗೆ ಸೂರ್ಯ ನೀರಿಗೆ ಹತ್ತಿರವಾಗಿರುತ್ತಿದ್ದ. ಕಾಕಾ ಗಡಿಬಿಡಿಯಿಂದ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಅವರ ತಲೆಯ ಮೇಲೆಯೇ ಪಕ್ಷಿಗಳು ಹಾಯ್ದು ಹೋಗುತ್ತಿದ್ದವು. ಮೇಲೆ ನೋಡಿದರೆ ಕಾಣುವುದು ಬೇವಿನ ಎಲೆ.

ಹೀಗೆ ಐದಾರು ವರ್ಷ ನಾನೂ ಕುಲಗೋಡದ ಕಡೆ ನಿಂತು ಹುಕ್ಕೇರಿಯ ಕಡೆ ತಿರುಗಿದೆ. ಆಮೇಲೊಂದು ವರ್ಷ ಕಾಕಾಗೆ ಎದೆನೋವು ಬಂತು. ಇನ್ನು ಬಸ್ಸು ಹತ್ತಬೇಡಿ ಎಂದು ಡಾಕ್ಟರು ಹೇಳಿದರು. ಇದೊಂದು ಸಲ ಎಂದು ಕಾಕಾ ಹತ್ತಿದರು. ಮುಂದಿನ ವರ್ಷ ಈ ಮನುಷ್ಯ ಇರುವುದಿಲ್ಲ ಎನ್ನುವುದು ಬಸ್ಸಿನಲ್ಲಿದ್ದ ನಮಗೆಲ್ಲ ಅವರ ಮುಖ ನೋಡಿಯೇ ತಿಳಿದಿತ್ತು. ಇಷ್ಟು ಜನಕ್ಕೆ ಪಕ್ಷಿ ತೋರಿಸಿದವರು ತಾವು ಒಂದನ್ನೂ ನೋಡದೆ ಹೋಗಬಾರದು. ಗುಮ್ಮಟದ ನೆರಳಿನಲ್ಲಿ ಕುಳಿತು ನಾವು ಮಸಲತ್ತು ಮಾಡಿದೆವು. ಸಂಜೆ ಎಲ್ಲರೂ ಲಗುಲಗು ಉಂಡು ಏಳುವುದು, ಕಾಕಾಗೆ ಬೇಗ ಊಟ ಮಾಡಿಸುವುದು, ಏರಿಗೆ ಕರೆತರುವುದು. ಗುರಪ್ಪನವರು ಆಣೆ ಮಾಡಿದರು.

ಧೂಪದಾಳದಲ್ಲಿ ಇಡೀ ಬಸ್ಸು ಎರಡೆರಡು ರೊಟ್ಟಿ ನುಂಗಿ ಎದ್ದು ನಿಂತಿತು. ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಕಾಕಾ ಅಲ್ಲಿಯೇ ನಿಂತುಬಿಟ್ಟರು.

“ಯಾಕ್ರಿ? ಅಡಗಿ ಸೇರಲಿಲ್ಲೇನು?”

“ಛಲೋ ಆಗಿತ್ರಿ ಕಾಕಾ. ಹೊಟ್ಟಿ ತುಂಬೇತಿ.”

“ಗುರಪ್ಪಗ ಹೊಟ್ಟಿ ತುಂಬೇತಿ ಅಂದ್ರ ನಾ ನಂಬಾಂಗಿಲ್ಲ. ಉಪ್ಪ ಹೆಚ್ಚಾಗೇತಿ. ಖರೆ ಹೇಳ್ರಿ.”

ಅವರ ಮುಖ ಸಣ್ಣದಾಯಿತು. ಪದ್ಮವ್ವ ನಸುಕಿನಲ್ಲಿ ಎದ್ದು ಮಾಡಿದ ಅಡಿಗೆಯನ್ನು ಊರ ಮಂದಿ ಹಿಂದಕ್ಕೆ ಕಳಿಸಿದರೆ ತಾವು ಮನೆಗೆ ಹೇಗೆ ಹೋಗಬೇಕು ಎಂದರು. ಒಬ್ಬೊಬ್ಬರ ಕೈಹಿಡಿದು ಮತ್ತೆ ಕೂಡಿಸಿದರು, ಒಬ್ಬೊಬ್ಬರಿಗೂ ಹೋಳಿಗೆ ಹಾಕಿದರು. ಗುರಪ್ಪನವರು ನನ್ನ ಕಡೆ ಒಮ್ಮೆ ನೋಡಿ, ಆಣೆ ಮರೆತು, ಹೋಳಿಗೆ ಮುರಿದರು. ಆಮೇಲೆ ತುಪ್ಪ ಕೇಳಿದರು. ಕಾಕಾಗೆ ಸಮಾಧಾನವಾಗಿ ತಲೆ ಎತ್ತಿದಾಗ ಸೂರ್ಯ ಇರಲಿಲ್ಲ.

ಅವರು ತಮ್ಮ ಬುತ್ತಿಯ ಗಂಟನ್ನು ಎತ್ತಿ ನೋಡಿ, ಹಾಗೆಯೇ ಚೀಲಕ್ಕೆ ಇಟ್ಟರು. “ನಮ್ದು ನಾಳೆ ಮುಂಜಾನಿಗೆ” ಎಂದರು. ಹೃದಯದ ಬ್ಯಾನೆಯವರನ್ನು ಉಪವಾಸ ಕೆಡವಿದ್ದೊಂದೇ ನಮ್ಮ ಮಸಲತ್ತಿನಿಂದಾದ ಉಪಕಾರ.

ಆವತ್ತು ಪಕ್ಷಿಗಳೂ ಇನ್ನೂ ಬಂದಿರಲಿಲ್ಲ. ಊಟವಿಲ್ಲದ್ದರಿಂದ ಕಾಕಾಗೆ ಮಾಡಲು ಕೆಲಸವೇ ಇರಲಿಲ್ಲ. ನಮ್ಮ ಹಿಂದೆಯೇ ಏರಿ ಹತ್ತಿ ಬಂದು, ಕುಲಗೋಡದ ಕಡೆ ಮುಖ ಮಾಡಿ ನಿಂತರು. ನಾವೂ ನಿಂತೆವು. ಬೆನ್ನ ಹಿಂದೆ ಸಪ್ಪಳ ಶುರುವಾಯಿತು. ಅವರನ್ನು ಬಿಟ್ಟು ತಿರುಗುವುದು ಯಾರಿಗೂ ಸರಿ ಕಾಣಲಿಲ್ಲ. ಸಪ್ಪಳ ತೀರ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

“ಕಾಕಾ, ಹಿಂದ ನೋಡ್ರಿ.”

ತಿರುಗಿದರು. ಕೆಂಪು ಆಕಾಶದ ತುಂಬ ಪಕ್ಷಿಗಳಿದ್ದವು. ಕಾಲು ಇಳಿಬಿಟ್ಟುಕೊಂಡು ಒಂದೊಂದೇ ಸಾಲು ನೀರಿಗೆ ಇಳಿಯುತ್ತಿತ್ತು. ಎಲ್ಲವೂ ಇಳಿದು, ನೀರು ಪಕ್ಷಿ ಎರಡೂ ಒಂದೇ ಬಣ್ಣವಾಗುವ ತನಕ ಕಾಕಾ ನೋಡಿದರು. ಆಮೇಲೆ ಗುರಪ್ಪನವರನ್ನು ಕೇಳಿದರು.

“ಇಷ್ಟ ವರ್ಷನೂ ಈ ಕಡಿಂದನ ಬರತಿದ್ವೇನು?”

“ಹೌದ್ರಿ.”

“ಒಬ್ರೂ ಹೇಳಲಿಲ್ಲ.”

“ನೀವು ಊಟಕ್ಕ ಕುಂತಿರತಿದ್ರಿ.”

“ಅದೂ ಖರೆ” ಎಂದರು ಕಾಕಾ.

ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಮಾತಾಡಿಸಲು ನಾನು ಮನೆಗೆ ಹೋದಾಗ ಪದ್ಮವ್ವ ಕಾಕೂ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದಕ್ಕೆಳೆದು ಕೇಳಿದರು.

“ಆವತ್ತ ಬುತ್ತಿ ಬಿಚ್ಚದ ಹಂಗ ತಂದಿದ್ರು. ಯಾಕ್ರಿ ಅಂದ್ರ ನಕ್ಕೋತ ಮಲಗಿದ್ರು. ಪಕ್ಷಿ ನೋಡಿದ್ರೇನವ್ವಾ?”

“ನೋಡಿದ್ರು ಕಾಕೂ. ಕತ್ತಲಾಗೂ ತನಕ ನೋಡಿದ್ರು.”

ಹೊರಡಲೆಂದು ನಾನು ಎದ್ದಾಗ ಕಾಕೂ ಸೆರಗು ಸರಿಮಾಡಿಕೊಂಡು ಹೇಳಿದರು.

“ಸಂಕ್ರಾಂತಿಗೆ ಬಸ್ಸ ಬಿಡ್ರಿ, ನಿಲ್ಲಸಬ್ಯಾಡ್ರಿ. ಈ ಸಲ ನಾ ಬರತೇನಿ. ಬುತ್ತಿ ನೀವ್ಯಾರರೆ ಕಟ್ರಿ. ನನಗ ಮಾತ್ರ ಕಟ್ಟಬ್ಯಾಡ್ರಿ, ಉಣ್ಣಾಕ ಕುಂತ್ರ ಪಕ್ಷಿ ಕಾಣಾಂಗಿಲ್ಲ.”