ಹುಳದಕ್ಕನ ಹದಿನಾರನೆಯ ಮಡಿ

ಬೆಳಗಿನ ಐದೂವರೆ. ಬೀಗ ಬಿದ್ದಿರುವ ಹಾಸ್ಟೆಲಿನ ಹಿಂದಿನ ಬಯಲಲ್ಲಿ ಹೆಂಗಸೊಬ್ಬರು ಮಾಸ್ಕನ್ನು ಗದ್ದಕ್ಕೆ ಸರಿಸಿ, ಒಂದು ಹಿಡಿ ಎರೆಗೊಬ್ಬರವನ್ನು ಮೂಗಿನ ಹತ್ತಿರ ಹಿಡಿದಿದ್ದಾರೆ. ಹದಿನಾರನೆಯ ಮಡಿಗೆ ಇವತ್ತು ಬೀಜ ಹಾಕುವುದೋ ಬೇಡವೋ ಎಂಬುದು ಈ ವಾಸನೆಯಿಂದಲೇ ತೀರ್ಮಾನವಾಗಬೇಕು.

"ಮಣ್ಣಿನ ವಾಸನೆ ಬಂದ್ರೆ ಎರಡೆರಡು ಸಮಾಧಾನ. ಗೊಬ್ಬರಾನೂ ಹದಕ್ಕೆ ಬಂದಿದೆ, ನನಗೂ ಸೋಂಕು ತಗುಲಿಲ್ಲ!" ಎಂದು ನಗುತ್ತಾರೆ.

ಬಡಾವಣೆಗೆಲ್ಲ ಇವರು 'ಹುಳದಕ್ಕ'. ಹತ್ತೊಂಬತ್ತು ವರ್ಷ ಇದೇ ಹಾಸ್ಟೆಲಿನ ಅಡುಗೆಯವರು. ಲಾಕ್‌ಡೌನ್ ಬಂತು, ಮಕ್ಕಳು ಊರಿಗೆ ಹೋದರು, ಒಲೆ ಆರಿತು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಜೀವ. ವಾರ್ಡನ್ನರನ್ನು ಕೇಳಿ ಬಯಲು ಅಗೆದರು, ನಾಲ್ಕು ತೊಟ್ಟಿ ಕಟ್ಟಿ ಎರೆಹುಳ ಬಿಟ್ಟರು. ನಲವತ್ತೆರಡು ಮನೆಗಳ ತರಕಾರಿ ಸಿಪ್ಪೆ ಹುಳಕ್ಕೆ, ಹುಳದ ಗೊಬ್ಬರ ಹದಿನಾರು ಮಡಿಗೆ, ಮಡಿಯ ಸೊಪ್ಪು ವಾರಕ್ಕೆರಡು ಸಲ ಅದೇ ಮನೆಗಳಿಗೆ. ಅಂಗಡಿಯ ಗೊಬ್ಬರ, ಔಷಧಿ ಒಂದು ಚಿಟಿಕೆಯೂ ಇಲ್ಲ.

ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ತೊಟ್ಟಿಯ ಗೋಣಿ ಎತ್ತಿದರೆ ಹುಳಗಳೆಲ್ಲ ಬಿಳುಚಿಕೊಂಡು ಸತ್ತು ಬಿದ್ದಿವೆ. ಬ್ಲೀಚಿಂಗ್ ಪೌಡರಿನ ಘಾಟು ವಾಸನೆ. "ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ? ಹುಳ ಇಲ್ಲ ಅಂದ್ರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲ ಅಂದ್ರೆ ಅಷ್ಟೂ ಮನೆಗೆ ಸೊಪ್ಪಿಲ್ಲ. ಮಾರ್ಕೆಟ್ ಬೇರೆ ಬಂದ್."

ಆದದ್ದಿಷ್ಟೇ. ಸಿಪ್ಪೆ ತುಂಬುವ ಬಕೆಟ್ಟುಗಳ ಮೇಲೆ ಅಕ್ಕ 'ಮಡಿ ಕಸ' ಎಂದು ಬರೆದಿದ್ದರು; ಸೊಪ್ಪಿನ ಮಡಿಗೆ ಹೋಗುವ ಕಸ ಎಂದರ್ಥ. ಹಿಂದಿನ ಸಾಲಿನ ಮನೆಗಳಿಂದ ಬಕೆಟ್ಟು ತಂದು ಸುರಿಯುವ ನಿವೃತ್ತ ಮೇಷ್ಟ್ರು, ಸೋಂಕಿನ ಕಾಲ, ಕಸವನ್ನೂ ಮಡಿ ಮಾಡಿಯೇ ಕೊಡಬೇಕೆಂದು ತಿಳಿದರು. ಮೂರು ದಿನ ಶ್ರದ್ಧೆಯಿಂದ ಬ್ಲೀಚಿಂಗ್ ನೀರು ಎರಚಿದರು. ಪಾಪ!

ವಿಷಯ ಗೊತ್ತಾಗಿ ಮೇಷ್ಟ್ರು ಆರಡಿ ದೂರದಲ್ಲಿ ಕೈಕಟ್ಟಿ ನಿಂತರು. "ತಪ್ಪಾಗ್ಹೋಯ್ತು ಕಣಮ್ಮ. ಜೀವಮಾನವೆಲ್ಲ ಮಕ್ಕಳಿಗೆ ಪದದ ಅರ್ಥ ಹೇಳ್ಕೊಟ್ಟೋನು ನಾನು."

"ಬರೆದೋಳು ನಾನೇ ಅಲ್ವಾ ಮೇಷ್ಟ್ರೇ? ಬನ್ನಿ, ಬದುಕಿರೋದು ಹುಡುಕೋಣ."

ನಾಲ್ಕನೆಯ ತೊಟ್ಟಿಗೆ ಬ್ಲೀಚಿಂಗ್ ಅಷ್ಟಾಗಿ ಇಳಿದಿರಲಿಲ್ಲ. ಇಬ್ಬರೂ ಸಂಜೆಯತನಕ ತಳ ಕೆದಕಿದರು. ಮೇಷ್ಟ್ರು ಒಂದೊಂದೇ ಹುಳ ಎತ್ತಿ ಹಾಜರಿ ಕೂಗಿದರು: ಇನ್ನೂರ ಹನ್ನೊಂದು. ಅವನ್ನು ಹೊಸ ಮಣ್ಣಿಗೆ ಬಿಟ್ಟು, ಒದ್ದೆ ಗೋಣಿ ಹೊದಿಸಿ, ಕುಂಬಳದ ಸಿಪ್ಪೆ ತಿನ್ನಿಸಿ ಬಾಣಂತಿಯಂತೆ ನೋಡಿಕೊಂಡರು. ಮೊದಲ ಎರಡು ತಿಂಗಳು ನಾಲ್ಕೇ ಮಡಿ ಬಿತ್ತನೆಯಾಯಿತು. ಮನೆಗೊಂದು ಹಿಡಿ ಸೊಪ್ಪು. ಗೊಣಗಿದವರಿದ್ದರು, ಸಿಪ್ಪೆ ಕೊಡುವುದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ.

ಈಗ ಮೂರು ತೊಟ್ಟಿಗಳಲ್ಲಿ ಹುಳ ಗಿಜಿಗುಡುತ್ತಿವೆ. ಹದಿನೈದು ಮಡಿ ಹಸಿರಾಗಿವೆ. ಅಕ್ಕ ಕೈಯಲ್ಲಿದ್ದ ಗೊಬ್ಬರವನ್ನು ಇನ್ನೊಮ್ಮೆ ಮೂಸಿ, ಹದಿನಾರನೆಯ ಮಡಿಗೆ ಉದುರಿಸುತ್ತಾರೆ. "ಹಾಕಿ ಮೇಷ್ಟ್ರೇ ಬೀಜ."

ಬಕೆಟ್ಟುಗಳ ಮೇಲೆ ಈಗ ಮೇಷ್ಟ್ರ ದುಂಡು ಅಕ್ಷರದಲ್ಲಿ 'ಹುಳದ ಊಟ' ಎಂದಿದೆ. ಹಾಸ್ಟೆಲ್ ತೆರೆದ ಮೇಲೆ ಏನು ಮಾಡುತ್ತೀರಿ ಎಂದರೆ, "ಒಲೆ ಮುಂದೆ ಹೋಗ್ತೀನಿ. ಒಂದು ತೊಟ್ಟಿ ಮಾತ್ರ ನನಗೆ ಬಿಟ್ಟುಕೊಟ್ರೆ ಸಾಕು" ಎನ್ನುತ್ತಾರೆ. ಗೋಣಿ ಸರಿಪಡಿಸುತ್ತಾ ಮತ್ತೆ ಹೇಳುತ್ತಾರೆ: "ಹತ್ತೊಂಬತ್ತು ವರ್ಷದಲ್ಲಿ ಊಟ ಸರಿಯಿಲ್ಲ ಅಂತ ಒಬ್ಬರಾದ್ರೂ ಮೂತಿ ತಿರುಗಿಸದೇ ಇದ್ದ ದಿನ ಇಲ್ಲ. ಇವು ಇವತ್ತಿನವರೆಗೆ ಒಂದು ತುತ್ತೂ ಬಿಟ್ಟಿಲ್ಲ."