ಮೈಕಿಗೇರಿದ ಅತ್ತಿಗೆಯ ದನಿ

ಅತ್ತಿಗೆ, ಆವತ್ತು ಅವ್ವನ ಮುಂದೆ ನಾನು ಹೇಳಿದ್ದು ಸುಳ್ಳು. ನೀವಾಗಿ ನೀವೇ ಬಂದು ಆ ಕ್ಯಾಸೆಟ್ಟಿಗೆ ಮಾತಾಡಲಿಲ್ಲ — ನಾನೇ ಕೇಳಿಕೊಂಡೆ, ನಾನೇ ಪುಸಲಾಯಿಸಿದೆ, ಕುಣಿಗಲ್ಲಿನಲ್ಲಿ ಹಾಕುವುದಿಲ್ಲ ಎಂದು ಮಾತು ಕೊಟ್ಟು ನಾನೇ ಹಾಕಿಸಿದೆ. ಇಷ್ಟನ್ನು ಹೇಳಲು ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿಮಗೆ ಇದೆಲ್ಲ ಗೊತ್ತಿರುವುದೇ. ಗೊತ್ತಿಲ್ಲದವನು ಅಣ್ಣ. ಗೊತ್ತಿಲ್ಲದೆಯೇ ಹೋದವಳು ಅವ್ವ.

ಈಗಲೂ ಬೀದಿಯಲ್ಲಿ ಯಾವುದಾದರೂ ಆಟೋ ಮೈಕು ಕಟ್ಟಿಕೊಂಡು ಕೂಗುತ್ತಾ ಬಂದರೆ ಸಾಕು, ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಮನೆಯವಳು ಗದ್ದಲಕ್ಕೆ ತಲೆನೋವು ಎಂದುಕೊಂಡಿದ್ದಾಳೆ. ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೇನೆ — ಸುಮ್ಮನಿರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

ನಿಮಗೆ ಗೊತ್ತಿಲ್ಲದ ಭಾಗವೂ ಸ್ವಲ್ಪ ಇದೆ. ಮೊದಲು ಅದನ್ನು ಹೇಳುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನ ಹೊರಪೇಟೆಯಲ್ಲಿ ನನ್ನದೊಂದು ಪುಟ್ಟ ಪಬ್ಲಿಸಿಟಿ ಅಂಗಡಿ. ಗೋಡೆಬರಹ, ಸಿನಿಮಾ ಸ್ಲೈಡು, ವ್ಯಾನಿಗೆ ಮೈಕು ಕಟ್ಟಿ ಊರೂರು ಸುತ್ತಿಸುವುದು. ಬೀಡಿಯಾದರೂ ಸರಿ, ಹಲ್ಲುಪುಡಿಯಾದರೂ ಸರಿ. ಅಣ್ಣ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ತಮ್ಮ ಬೀದಿಬೀದಿ ಕೂಗಿಸುವವನಾದನಲ್ಲ ಎಂದು ಅವನಿಗೆ ಒಳಗೊಳಗೇ ನಾಚಿಕೆ. ಹಾಗಿರುವಾಗ ಬೆಂಗಳೂರಿನಿಂದ ಒಂದು ಕಂಪನಿಯ ಮ್ಯಾನೇಜರು ಬಂದರು. ಹೆಂಗಸರು ತಿಂಗಳ ದಿನಗಳಲ್ಲಿ ಬಳಸುವ ಪ್ಯಾಡು ಅವರ ಸರಕು. ಗುಬ್ಬಿಯಲ್ಲಿ ಚೆನ್ನಾಗಿ ಮಾಡಿ ತೋರಿಸಿದರೆ ಇಡೀ ಜಿಲ್ಲೆಯ ಕೆಲಸ ನಿಮಗೇ ಎಂದರು. ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟಾಗ ನಾನು ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿದೆ. ಜಾಹೀರಾತು ಮಾಡಬೇಕಾದವನ ಧೈರ್ಯ ಅಷ್ಟಿತ್ತು.

ಹೇಗೆ ಮಾಡುವುದು? ಗೋಡೆ ಬರೆಯುವ ಆರ್ಟಿಸ್ಟು ಬ್ರಷ್ಷು ಕೆಳಗಿಟ್ಟು, "ಅಣ್ಣೋ, ಇದ್ನ ಬರೆದ್ರೆ ನಮ್ಮನೆಯೋಳು ಊಟ ಹಾಕಾಕಿಲ್ಲ" ಎಂದ. ಗುಬ್ಬಿಯ ಟಾಕೀಸಿನವರು, ಸಂಸಾರಸ್ಥರು ಬರುವ ಜಾಗ, ಸ್ಲೈಡು ಬೇಡ ಎಂದರು. ಮೆಡಿಕಲ್ ಸ್ಟೋರಿನವರೇ ಅದನ್ನು ಪೇಪರಿನಲ್ಲಿ ಸುತ್ತಿ, ಹಿಂದಿನ ಕಪಾಟಿನಲ್ಲಿ ಇಡುತ್ತಿದ್ದರು. ಹೆಸರು ಹೇಳದೆ ಮಾರುವುದು ಹೇಗೆ, ಹೇಳಿದರೆ ಒದೆ ತಿನ್ನದೆ ಬರುವುದು ಹೇಗೆ — ಇದೇ ಯೋಚನೆಯಲ್ಲಿ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆದದ್ದು ಇದು: ಗಂಡಸರು ಕೆಲಸಕ್ಕೆ ಹೋದ ಮೇಲೆ, ಹನ್ನೊಂದರ ಹೊತ್ತಿಗೆ ವ್ಯಾನು ಬೀದಿಗೆ ಬರಬೇಕು. ಮೈಕಿನಲ್ಲಿ ಗಂಡಸಿನ ದನಿ ಇರಬಾರದು. ರೇಡಿಯೋದ ಹೆಂಗಸಿನ ನಯವಾದ ದನಿಯೂ ಬೇಡ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಮಾತಾಡಿಸಿದ ಹಾಗಿರಬೇಕು. ಶುರುವಿಗೆ ಒಂದು ಸೋಬಾನೆ ಪದದ ಎಳೆ ಬರಬೇಕು. ಸೋಬಾನೆ ಕೇಳಿದರೆ ನಮ್ಮ ಹೆಂಗಸರು ಒಲೆ ಬಿಟ್ಟಾದರೂ ಬಾಗಿಲಿಗೆ ಬರುತ್ತಾರೆ.

ಸೋಬಾನೆ ಎಂದರೆ ನೀವು. ಕುಣಿಗಲ್ಲಿನಲ್ಲಿ ಯಾರ ಮನೆಯ ಮದುವೆಯಾದರೂ ಹಸೆಗೆ ಕರೆಯುವ ಪದ ಗಿರಿಜಮ್ಮನದೇ ಆಗಬೇಕಿತ್ತು. ಹೆಣ್ಣು ತಯಾರಾಗಿದ್ದರೂ ನೀವು ಬರುವ ತನಕ ಕಾಯುತ್ತಿದ್ದರು. ಕೊನೆಯ ಸೊಲ್ಲನ್ನು ನೀವು ಸ್ವಲ್ಪ ತಡೆದು, ಎಳೆದು ಬಿಡುತ್ತಿದ್ದ ರೀತಿ — ಅದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಅವ್ವ ಬಾಯಿಬಿಟ್ಟು ಹೊಗಳಿದವಳಲ್ಲ, ಆದರೆ ನೀವು ಹಾಡುವಾಗ ಸುತ್ತಲಿನವರ ಮುಖ ನೋಡುತ್ತಿದ್ದಳು. ಸೊಸೆಯನ್ನು ಅವಳು ಮೆಚ್ಚಿದ್ದು ಅದೊಂದಕ್ಕೆ ಎಂದು ನನಗೆ ಅನಿಸಿದೆ.

ಆಗ ಮಗು ಸುಧಾಳಿಗೆ ಕಿವಿ ಸೋರುತ್ತಿತ್ತು, ನೆನಪಿದೆಯಲ್ಲ. ಅಣ್ಣನಿಗೆ ರಜೆ ಸಿಗಲಿಲ್ಲ. ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಿ ಸಂಜೆ ಬಸ್ಸು ಹತ್ತಿಸು ಎಂದು ನನಗೆ ಒಪ್ಪಿಸಿದ. ಡಾಕ್ಟರನ್ನು ನೋಡಿ ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿರಿ, ಮಗು ಮಡಿಲಲ್ಲಿ ಮಲಗಿತ್ತು. ಆಗ ನಾನು ಆ ಪ್ಯಾಕೆಟ್ಟು ತಂದು ತೋರಿಸಿದೆ. ನೀವು ತಲೆ ತಗ್ಗಿಸಿದಿರಿ. ಆಮೇಲೆ ಮೆಲ್ಲಗೆ ಅದನ್ನು ಕೈಗೆ ತೆಗೆದುಕೊಂಡು ನೋಡಿದಿರಿ. "ಬಟ್ಟೆ ಒಗೆದು ಹಿತ್ತಲ ಹುಲ್ಲಿನ ಮರೇಲಿ ಒಣಗಿಸ್ತೀವಿ ಕಣಪ್ಪ, ಮಳೆಗಾಲದಾಗೆ ಒಣಗೋದೇ ಇಲ್ಲ. ಹಸಿ ಬಟ್ಟೇನೇ ಗತಿ. ನಮ್ಮ ಹುಡ್ಗೀರಿಗಾದ್ರೂ ಇದು ಸಿಗ್ಲಿ" ಎಂದಿರಿ. ನನ್ನ ಎದುರು ಅಂಥ ಮಾತನ್ನು ಆಡಿದ ಮೊದಲ ಹೆಂಗಸು ನೀವು. ಆ ಮಾತಿಗೆ ಮರ್ಯಾದೆ ಕೊಡುವುದು ಬಿಟ್ಟು ನಾನು — ಸಿಕ್ಕಿತು ದನಿ ಎಂದುಕೊಂಡೆ.

ನೀವು ಬೇಡವೆಂದಿರಿ. ನಾನು ಬಿಡಲಿಲ್ಲ. ಗುಬ್ಬಿ, ಸಿ.ಎಸ್. ಪುರ, ಕೋರ, ಅಷ್ಟೇ. ನಮ್ಮವರ ಕಿವಿಗೆ ಬೀಳುವುದೇ ಇಲ್ಲ ಎಂದೆ. ಇದು ನಿಂತರೆ ನನ್ನ ಅಂಗಡಿ ನಿಲ್ಲುತ್ತದೆ ಎಂದೆ. ನಿಮ್ಮ ಮೈದುನ ಮುಖ ಸಣ್ಣದು ಮಾಡಿಕೊಂಡರೆ ನಿಮಗೆ ತಡೆಯಲಾಗದು ಎಂಬುದು ನನಗೆ ಗೊತ್ತಿತ್ತು. ಬೇಕೆಂದೇ ಸಣ್ಣದು ಮಾಡಿಕೊಂಡೆ.

"ಕುಣಿಗಲ್ ಮತ್ತೆ ನಮ್ಮ ದುರ್ಗ, ಎರಡು ಕಡೆ ಮಾತ್ರ ಬ್ಯಾಡ. ನಿಮ್ಮಣ್ಣ ತಲೆ ಎತ್ಕೊಂಡು ಓಡಾಡೋ ಊರು ಅದು. ದುರ್ಗದಾಗೆ ನನ್ನ ತವರೋರೂ ಅಷ್ಟೇ. ಮಾತು ಕೊಡು ಪರಮೇಶ."

ಕೊಟ್ಟೆ. ಕಿಟಕಿಗೆ ಕಂಬಳಿ ಕಟ್ಟಿ, ಟೇಪ್ ರೆಕಾರ್ಡರನ್ನು ನಿಮ್ಮ ಮುಂದಿಟ್ಟೆ. ಸೋಬಾನೆಯ ಎಳೆ ಹಾಡಿದಿರಿ — ಮಗು ಏಳಬಾರದೆಂದು ಮೆಲ್ಲಗೆ. ಆಮೇಲೆ ನಾನು ಬರೆದಿದ್ದನ್ನು ಓದಿದಿರಿ: "ಅಕ್ಕತಂಗೇರೇ, ತಿಂಗಳ ದಿನದ ಕಷ್ಟ ನಿಮಗೊಬ್ರಿಗೇ ಅಲ್ಲ, ನನಗೂ ಐತೆ." ಅಲ್ಲಿ ನಿಲ್ಲಿಸಿ, "ಇದೊಂದು ಮಾತು ತೆಗೆದುಬಿಡಪ್ಪ, ನನಗೂ ಅನ್ನೋದು ಬ್ಯಾಡ" ಎಂದಿರಿ. ಅದೇ ಇದರ ಜೀವ ಅತ್ತಿಗೆ, ಅದಿಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದು ಮತ್ತೆ ಓದಿಸಿದೆ.

ಗುಬ್ಬಿಯಲ್ಲಿ ನಾನೆಣಿಸಿದ ಹಾಗೇ ಆಯಿತು. ಸೋಬಾನೆ ಕೇಳಿ ಹೆಂಗಸರು ಬಾಗಿಲಿಗೆ ಬಂದರು, ನಿಮ್ಮ ಮಾತು ಕೇಳಿ ನಿಂತರು. ಬೈಯಲಿಲ್ಲ. ಮಧ್ಯಾಹ್ನ ಮೆಡಿಕಲ್ ಸ್ಟೋರಿನ ಪಕ್ಕದ ಓಣಿಯಿಂದ ಸಣ್ಣ ಹುಡುಗಿಯರು ಪ್ಯಾಕೆಟ್ಟಿನ ಹೆಸರು ಬರೆದ ಚೀಟಿ ಹಿಡಿದು ಬಂದರು. ಮ್ಯಾನೇಜರು ಬೆನ್ನು ತಟ್ಟಿ, "ಮುಂದಿನ ವಾರ ಕುಣಿಗಲ್" ಎಂದರು. ಕುಣಿಗಲ್ಲಿಗೆ ಬೇರೆ ದನಿ ಮಾಡಿಸುತ್ತೇನೆ ಸಾರ್ ಎಂದೆ. ಇದೇ ಇರಲಿ, ಇಲ್ಲವೆಂದರೆ ಬೇರೆ ಪಾರ್ಟಿ ನೋಡುತ್ತೇನೆ ಎಂದರು. ನಾನು — ಇಲ್ಲಿ ನಾನು ಆಗುವುದಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಒಂದು ಕೆಲಸ ಹೋಗುತ್ತಿತ್ತು, ಅಷ್ಟೇ. ಮೈಕಿನ ಕರ್ಕಶದಲ್ಲಿ ದನಿ ಯಾರದೆಂದು ಯಾರಿಗೆ ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಡ್ರೈವರಿಗೆ ಕುಣಿಗಲ್ಲಿನ ಬೀದಿಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. ನಮ್ಮ ಬೀದಿಯೊಂದನ್ನು ಬಿಟ್ಟೆ. ಮಾತು ಉಳಿಸಿಕೊಂಡೆ ಎಂದು ಅಂದುಕೊಳ್ಳಲು ನನಗೆ ಆಗ ಅಷ್ಟು ಸಾಕಾಗಿತ್ತು.

ವ್ಯಾನು ಕುಣಿಗಲ್ಲಿಗೆ ಹೋದ ದಿನ ಬೆಳಗಿನಿಂದ ನನಗೆ ಕೆಲಸ ಸಾಗಲಿಲ್ಲ. ಟೀ ತರಿಸಿ ಕುಡಿಯದೆ ಬಿಟ್ಟೆ. ಅಂಗಡಿಯ ಫೋನು ಹೊಡೆದುಕೊಂಡಾಗಲೆಲ್ಲ ಅದು ನಿಲ್ಲಲಿ ಎಂದು ಕಾಯುತ್ತಿದ್ದೆ. ಸಂಜೆ ಡ್ರೈವರು ಬಂದು ನಗುತ್ತಾ ಹೇಳಿದ: "ಸಾರ್, ಅಲ್ಲಿ ಎಲ್ರೂ ಇದು ಗಿರ್ಜಮ್ಮನ ದನಿ ಅಂತವ್ರೆ. ಯಾರು ಸಾರ್ ಗಿರ್ಜಮ್ಮ?"

ನಾನು ತಿಳಿಯದವನ ಹಾಗೆ ತಲೆಯಾಡಿಸಿದೆ.

ಕುಣಿಗಲ್ಲಿನವರಿಗೆ ತಿಳಿಯದೆ ಇರುತ್ತದೆಯೇ? ಆ ಊರಿನ ಅರ್ಧ ಹೆಣ್ಣುಮಕ್ಕಳು ನಿಮ್ಮ ದನಿಗೆ ಹಸೆ ಏರಿದವರು. ಕೊನೆಯ ಸೊಲ್ಲನ್ನು ಎಳೆದು ಬಿಟ್ಟ ಕೂಡಲೇ ಗುರುತು ಹಿಡಿದಿದ್ದಾರೆ. ಬಾಗಿಲಿಗೆ ಬಂದು ನಿಂತವರು, ನಂತರದ ಮಾತು ಕೇಳಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಿದ್ದಾರೆ. ಮಾರನೆಯ ದಿನ ಅಣ್ಣ ಕ್ಲಾಸಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾವನೋ ಹೆಣ್ಣುದನಿ ಮಾಡಿ, "ನನಗೂ ಐತೆ" ಎಂದನಂತೆ. ನಾನು ಬರೆದ ಮಾತು. ನೀವು ತೆಗೆಯಲು ಹೇಳಿದ ಮಾತು.

ಭಾನುವಾರ ಬಾ ಎಂದು ಮನೆಯಿಂದ ಹೇಳಿಕಳಿಸಿದರು. ಬಸ್ಸಿನಲ್ಲಿ ತುಮಕೂರಿನಿಂದ ಕುಣಿಗಲ್ಲಿನವರೆಗೂ ನಾನು ಕಲಿತುಕೊಂಡದ್ದು ಒಂದೇ ವಾಕ್ಯ — ತಪ್ಪು ನಂದು, ಅತ್ತಿಗೇದಲ್ಲ. ತುಟಿಯಲ್ಲೇ ಹೇಳಿಕೊಳ್ಳುತ್ತಾ ಬಂದೆ. ಹಜಾರದಲ್ಲಿ ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ನೀವು ಅಡುಗೆಮನೆ ಬಾಗಿಲಲ್ಲಿ.

"ಆ ಮಾತು ಆಡು ಅಂತ ಹೇಳ್ದೋರು ಯಾರ್ಲಾ? ನೀನಾ, ಇಲ್ಲಾ ಅವಳೇ ಬಂದ್ಲಾ?" ಎಂದಳು ಅವ್ವ.

ಅಣ್ಣ ತಿರುಗಿ ನೋಡಿದ. ಅವನ ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲವೇನೋ. ಆ ಮುಖ ನೋಡಿ ನನ್ನ ವಾಕ್ಯ ಎಲ್ಲಿ ಹೋಯಿತೋ —

"ಅತ್ತಿಗೇನೇ ಕೇಳಿದ್ರು ಅವ್ವ. ನಾನು ಬೇಡ ಅಂದೆ. ಎಲ್ಲ ಕಡೆ ಹಾಕ್ಸು ಅಂದ್ರು."

ನೀವು ನನ್ನನ್ನು ನೋಡಿದಿರಿ. ಒಂದು ಮಾತೂ ಆಡಲಿಲ್ಲ. ಯಾಕೆ ಅತ್ತಿಗೆ? ಅಲ್ಲ ಎಂದಿದ್ದರೆ ಅಣ್ಣ ನಂಬುತ್ತಿದ್ದ. ಅಣ್ಣತಮ್ಮಂದಿರ ನಡುವೆ ಕಲ್ಲು ಹಾಕಬಾರದೆಂದೋ, ನನ್ನಂಥವನ ಜೊತೆ ವಾದ ಏನೆಂದೋ — ಇಷ್ಟು ವರ್ಷ ನಾನು ಲೆಕ್ಕ ಹಾಕುತ್ತಲೇ ಇದ್ದೇನೆ, ಕೇಳುವ ಮುಖವಿಲ್ಲ. ಅಣ್ಣ ಹೊಡೆಯಲಿಲ್ಲ, ಕೂಗಾಡಲಿಲ್ಲ. "ಇನ್ಮೇಲೆ ಈ ಮನೆಯಿಂದ ಹಸೆಗೆ ಹಾಡೋಕೆ ಯಾರೂ ಹೋಗೋದು ಬೇಡ" ಎಂದ, ಚಪ್ಪಲಿ ಮೆಟ್ಟಿ ಹೊರಟುಹೋದ.

ನೀವು ಒಪ್ಪಿದ್ದಂತೂ ನಿಜ ತಾನೇ ಎಂದು ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡೆ. ಒಪ್ಪಿದ್ದು ಯಾವುದಕ್ಕೆ? ಗುಬ್ಬಿಯ ಹುಡುಗಿಯರಿಗೆ ಒಂದು ಒಳ್ಳೆಯ ಮಾತು ಹೇಳುವುದಕ್ಕೆ. ನಿಮ್ಮ ಊರಿನಲ್ಲಿ ನಿಮ್ಮ ಮಾನ ಹರಾಜಾಗುವುದಕ್ಕಲ್ಲ.

ಆ ಕೆಲಸವೂ ನನ್ನ ಕೈಯಲ್ಲಿ ಉಳಿಯಲಿಲ್ಲ. ಇನ್ನೆಲ್ಲಿ ಯಾರು ಗುರುತು ಹಿಡಿಯುತ್ತಾರೋ ಎಂಬ ಭಯಕ್ಕೆ, ಟೇಪು ಹಾಳಾಯಿತು ಎಂದು ಕಂಪನಿಗೆ ಹೇಳಿ ಕೈಬಿಟ್ಟೆ. ಅದೇ ಕ್ಯಾಸೆಟ್ಟಿನ ಮೇಲೆ ಹಲ್ಲುಪುಡಿಯ ಪ್ರಚಾರ ತುಂಬಿಸಿದೆ. ನಿಮ್ಮ ದನಿ ಇದ್ದ ಒಂದೇ ಒಂದು ಕ್ಯಾಸೆಟ್ಟು ಅದು. ಅಳಿಸುವಾಗ ನನಗೆ ಎಷ್ಟು ಹಗುರಾಯಿತು ಗೊತ್ತೇ — ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ನನ್ನ ಮದುವೆ ನೆನಪಿದೆಯಲ್ಲ. ಹೆಣ್ಣಿನ ಕಡೆಯವರು ಒಂದು ಪದ ಹಾಡಿ ಮುಗಿಸಿ, "ಗಂಡಿನ ಕಡೆಯೋರು ಹಾಡ್ರಮ್ಮ" ಎಂದು ಕರೆದರು. ನಮ್ಮ ಕಡೆ ಯಾರಿಗೂ ಬರೋದಿಲ್ಲ ಎಂದಳು ಅವ್ವ. ನೀವು ಆರತಿ ತಟ್ಟೆ ಹಿಡಿದು ನಿಂತಿದ್ದಿರಿ. ನಾನು ಹಸೆಯ ಮೇಲೆ ಕೂತಿದ್ದವನು ನಿಮ್ಮ ತುಟಿ ನೋಡಿದೆ. ಬಿಗಿದುಕೊಂಡಿತ್ತು. ಅಲ್ಲೇ ಎದ್ದು ಹೇಳಬೇಕು ಅನಿಸಿತ್ತು. ಅನಿಸಿತು, ಅಷ್ಟೇ.

ಅವ್ವ ಹಾಸಿಗೆ ಹಿಡಿದಾಗ ಅವಳ ಮಲಮೂತ್ರ ಬಳಿದವರು ನೀವು. ಒಂದು ದಿನ ನೀವು ನೀರು ತರಲು ಹೋದಾಗ ಅವಳು ನನ್ನ ಕೈ ಹಿಡಿದು, "ಒಳ್ಳೇ ಹೆಣ್ಣು ಕಣೋ ಇವಳು. ಅದೊಂದು ಮಾಡ್ಬಾರದಿತ್ತು" ಎಂದಳು. ಆಗ ಇದ್ದವರು ನಾವಿಬ್ಬರೇ. ನಾನು ಅವಳ ಹೊದಿಕೆ ಸರಿಮಾಡಿದೆ, ಅಷ್ಟೇ ಅತ್ತಿಗೆ. ಅವಳು ನಿಮ್ಮನ್ನು ಅನ್ಯಾಯವಾಗಿ ತಿಳಿದುಕೊಂಡೇ ಹೋದಳು, ನಾನು ಹೆಗಲು ಕೊಟ್ಟೆ.

ಮೊನ್ನೆ ಸುಧಾ ಬಂದಿದ್ದಳು. ದುರ್ಗದಲ್ಲಿ ಯಾರೋ ವಯಸ್ಸಾದ ಹೆಂಗಸು ಅವಳನ್ನು ಹಿಡಿದು ನಿಲ್ಲಿಸಿ, ನಿಮ್ಮಮ್ಮ ನನ್ನ ಹಸೆಗೆ ಹಾಡಿದ್ಲು ಕಣವ್ವ ಎಂದು ಅತ್ತರಂತೆ. "ಚಿಕ್ಕಪ್ಪ, ಅಮ್ಮ ಹಾಡ್ತಿದ್ರಾ? ನಾನು ಒಂದ್ಸಲಾನೂ ಕೇಳಿಲ್ಲ. ನಿಮ್ಮತ್ರ ಅವ್ರದ್ದೊಂದು ಕ್ಯಾಸೆಟ್ ಇತ್ತಂತಲ್ಲ, ಇದ್ರೆ ಕೊಡಿ" ಎಂದಳು. ಅವಳು ಕೇಳಿದ್ದಾಳೆ, ನಿಮ್ಮ ಮಡಿಲಲ್ಲೇ ಮಲಗಿ, ಕಿವಿಗೆ ಹತ್ತಿ ಇಟ್ಟುಕೊಂಡು. ಅದನ್ನೂ ಹೇಳಲಾಗಲಿಲ್ಲ. ನಾನೇ ಅಳಿಸಿದೆ ಎಂದಷ್ಟೇ ಹೇಳಿದೆ. ಯಾಕೆ ಎಂದಳು. ನಿನ್ನ ಅಪ್ಪನ ಮುಂದೆ ಹೇಳುತ್ತೇನೆ ಎಂದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಈ ಸಲವೂ ದಾರಿಯುದ್ದಕ್ಕೂ ಅದೇ ವಾಕ್ಯ ಹೇಳಿಕೊಳ್ಳುತ್ತೇನೆ, ಈ ಸಲವೂ ಅಣ್ಣನ ಮುಖ ನೋಡಿದರೆ ಅದು ಮರೆತುಹೋಗಬಹುದು. ಅದಕ್ಕೇ ಮೊದಲೇ ಬರೆದು ನಿಮಗೆ ಕಳಿಸುತ್ತಿದ್ದೇನೆ. ಹಜಾರದಲ್ಲಿ ಮಾತು ಹೊರಡದಿದ್ದರೆ ಇದರದೇ ಇನ್ನೊಂದು ಪ್ರತಿಯನ್ನು ಅಣ್ಣನ ಕೈಗೆ ಕೊಡುತ್ತೇನೆ. ಅವನು ಇನ್ನು ನನ್ನ ಮುಖ ನೋಡದಿದ್ದರೆ ಅದು ನ್ಯಾಯವೇ. ನಿಮ್ಮಿಂದ ಕ್ಷಮೆ ಕೇಳುವುದಿಲ್ಲ. ಹಾಡಿ ಎಂದಂತೂ ಕೇಳುವುದೇ ಇಲ್ಲ. ನಿಮ್ಮನ್ನು ಒಮ್ಮೆ ಕೇಳಿದ್ದೇ ಸಾಕು.

ಒಂದು ಮಾತು ಮಾತ್ರ ನಡೆಸಿಕೊಡಿ ಅತ್ತಿಗೆ. ಆವತ್ತಿನ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಡಿ. ಹಜಾರಕ್ಕೆ ಬಂದು, ಅಣ್ಣನ ಪಕ್ಕದಲ್ಲಿ ಕೂತುಕೊಳ್ಳಿ. ನಾನು ನಿಂತುಕೊಂಡು ಹೇಳುತ್ತೇನೆ.